ಪೆಟ್ಟಿಗಿ ಖಾಲಿ ಅದ

ರೋಹನ ಬಸದಿಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಾಗ ಗುರುಪುತ್ರಪ್ಪನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿತು.

ಬೆಳಗಾವಿ ಕೋಟೆಯೊಳಗಿನ ಆ ಬಸದಿಗೆ ಅವನು ನಲವತ್ತು ವರ್ಷದಿಂದ ಬರುತ್ತಿದ್ದ. ಬಂದಾಗಲೆಲ್ಲ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ತಲೆಯೆತ್ತಿ ನೋಡುತ್ತಿದ್ದ, ಕತ್ತು ನೋಯತೊಡಗಿದರೆ ಕೈಮುಗಿದು ಹೊರಡುತ್ತಿದ್ದ. ಮಲಗಿ ನೋಡಬಹುದು ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಪೂಜೆಯ ಪಂಡಿತರು ಈಗ ಬೈಯುತ್ತಾರೆ, ಈಗ ಎಬ್ಬಿಸುತ್ತಾರೆ ಎಂದು ಕಾದ. ಅವರು ಬೈಯಲಿಲ್ಲ. ನೆಲ ತಣ್ಣಗಿದೆಯೆಂದು ಹುಡುಗನಿಗೆ ಚಾಪೆ ತಂದುಕೊಟ್ಟರು.

“ಸರ್, ಈ ಕಮಲ ಅರಳ್ತಾ ಇಲ್ಲ, ಇಳೀತಾ ಇದೆ,” ಎಂದ ರೋಹನ ಮಲಗಿದಲ್ಲಿಂದಲೇ.

ಆ ಮಾತು ತನಗೆ ಬರಬೇಕಾಗಿತ್ತು. ನಲವತ್ತು ವರ್ಷ ಕಾದವನನ್ನು ಬಿಟ್ಟು ನಾಲ್ಕು ನಿಮಿಷ ಮಲಗಿದವನಿಗೆ ಬಂದಿತ್ತು.

ರೋಹನ ದಾವಣಗೆರೆಯವನು, ವಯಸ್ಸು ಮೂವತ್ತು. ಮೊದಲ ಕಥಾಸಂಕಲನಕ್ಕೇ ಬಹುಮಾನ, ಎರಡನೆಯ ಮುದ್ರಣ, ಊರೂರಲ್ಲಿ ಸನ್ಮಾನ. ಈಗ ಕಾದಂಬರಿ ಬರೆಯಲು ಒಂದು ಹಳೆಯ ಊರು ಬೇಕೆಂದು ಮೂರು ದಿನದ ಮಟ್ಟಿಗೆ ಬೆಳಗಾವಿಗೆ ಬಂದಿದ್ದ. ಆ ಮೊದಲ ಪುಸ್ತಕದ ಕರಡು ತಿದ್ದಿದವನು ಗುರುಪುತ್ರಪ್ಪ. ಮೂವತ್ತು ವರ್ಷದಿಂದ ಮುದ್ರಣಾಲಯದಲ್ಲಿ ಅದೇ ಅವನ ಕೆಲಸ. ಹುಡುಗ ಮಹಾಪ್ರಾಣ ಬಿಟ್ಟಲ್ಲಿ ಹಾಕಿದ್ದ, ಮುರಿದ ವಾಕ್ಯಕ್ಕೆ ಕ್ರಿಯಾಪದ ಕೊಟ್ಟಿದ್ದ. ಗುರುಪುತ್ರಪ್ಪನವೇ ಎರಡು ಕಥೆ ಪುಸ್ತಕಗಳು ಅದೇ ಮುದ್ರಣಾಲಯದ ಮೂಲೆಯಲ್ಲಿ ಹುರಿ ಬಿಚ್ಚದ ಕಟ್ಟುಗಳಾಗಿ ಕುಳಿತಿದ್ದವು. ಮೂರನೆಯದರ ಒಂದು ಸಾಲೂ ಹನ್ನೊಂದು ವರ್ಷದಿಂದ ಬಂದಿರಲಿಲ್ಲ.

ಹುಡುಗನಲ್ಲಿ ಇಲ್ಲದ್ದು ತನ್ನಲ್ಲಿ ಏನಾದರೂ ಇದೆಯೆಂದು ತೋರಿಸಬೇಕೆನಿಸಿತು. ಈ ಕಮಲದ ಮೇಲೆಯೇ ಒಂದು ಹಾಡಿದೆ, ದಳಕ್ಕೊಂದು ನುಡಿ, ಖಾನಾಪುರದ ಹೀರಾಬಾಯಿ ಎಂಬ ಮುದುಕಿಯೊಬ್ಬಳೇ ಅದನ್ನು ಬಲ್ಲವಳು ಎಂದು ಹೇಳಿಬಿಟ್ಟ. ಹೇಳಿದ ಮರುಗಳಿಗೆಗೇ ಪಶ್ಚಾತ್ತಾಪವಾಯಿತು. ರೋಹನ ಎದ್ದು ಬೆನ್ನಿನ ಧೂಳನ್ನೂ ಕೊಡವದೆ ಕಾರಿನ ಬೀಗದ ಕೈ ತೆಗೆದಿದ್ದ.

ಮಚ್ಛೆ ದಾಟಿ, ದೇಸೂರು ದಾಟಿ ಖಾನಾಪುರ ಮುಟ್ಟಿದರು. ಗುರುಪುತ್ರಪ್ಪ ಹುಟ್ಟಿದ್ದು ಆ ಊರಲ್ಲಿ, ಹೀರಾಬಾಯಿಯ ಮನೆಯ ಹಿಂದಿನ ಓಣಿಯಲ್ಲಿ. ಅವನ ಮನೆಯಲ್ಲಿ ಮುಂಜಾನೆ ಲಿಂಗಪೂಜೆಯ ಹೊತ್ತಿಗೆ ವಚನ, ಆ ಮನೆಯಲ್ಲಿ ಸಂಜೆ ಜಿನಸ್ತುತಿ. ಎರಡರ ನಡುವೆ ಬೆಳೆದ ಕಿವಿ ಅವನದು. ಹೀರಾಬಾಯಿ, ಓಣಿಗೆಲ್ಲ ಆಯಿ, ಹಾಡುವಾಗ ಕಟ್ಟೆಯ ಮೇಲೆ ಕುಳಿತು ಕೇಳಿದ್ದೆಷ್ಟೋ. ಹಾಡು ಬರೆದಿಟ್ಟ ವಹಿಯೊಂದು ಒಳಗಿದೆಯೆಂದು ಗೊತ್ತಿತ್ತು. ಬಸದಿಯ ನೆಲಕ್ಕೆ ಬೆನ್ನು ತಾಗಿಸಲು ಬಾರದವನಿಗೆ ಅದನ್ನು ಕೇಳಲೂ ಬಾಯಿ ಬಂದಿರಲಿಲ್ಲ.

ರೋಹನ ಹತ್ತೇ ನಿಮಿಷದಲ್ಲಿ ಕೇಳಿದ. ಹಾಡು ಬರೆದಿಟ್ಟ ಪುಸ್ತಕ ಏನಾದರೂ ಇದೆಯಾ ಅಜ್ಜಿ, ನೋಡಬಹುದಾ, ಎಂದ.

ಮಂಚದ ಮೇಲೆ ಕುಳಿತಿದ್ದ ಹೀರಾಬಾಯಿ ಅಂಗೈಯನ್ನು ಕೆಳಮುಖ ಮಾಡಿ ಆಡಿಸಿದಳು. “ವಹಿ ಪೆಟ್ಟಿಗ್ಯಾಗ. ಪೆಟ್ಟಿಗಿ ಖಾಲಿ ಅದ, ಬಾಳಾ.”

ಅಷ್ಟರಲ್ಲಿ ಮೊಮ್ಮಗನ ಹೆಂಡತಿ ಪೂನಮ್ ಅಡುಗೆಮನೆಯಿಂದ ಬಂದು ಹೊತ್ತು ಇಳಿಯಿತೆಂದು ಎಚ್ಚರಿಸಿದಳು. ಹೊತ್ತು ಮುಳುಗಿದ ಮೇಲೆ ಆಯಿ ಒಂದು ಅಗುಳನ್ನೂ ಮುಟ್ಟುವವಳಲ್ಲ. ಅವಳು ಉಣ್ಣಲೆಂದು ಬಂದವರು ಎದ್ದರು.

ಕಾರಿನಲ್ಲಿ ರೋಹನನ ಕಣ್ಣು ತುಂಬಿದ್ದವು. “ಪೆಟ್ಟಿಗೆ ಖಾಲಿ ಅದ. ಎಂಥ ಮಾತು ಸರ್! ಒಂದು ಹಾಡಿನ ಪರಂಪರೆನೇ ಹೋಗಿದೆ, ಖಾಲಿ ಪೆಟ್ಟಿಗೆ ಮುಂದೆ ಮುದುಕಿ ಕೂತಿದ್ದಾರೆ. ನನ್ನ ಕಾದಂಬರಿ ಸಿಕ್ತು.”

ಗುರುಪುತ್ರಪ್ಪ ಕಿಟಕಿಯಾಚೆ ನೋಡಿದ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಅರ್ಧ ಕನ್ನಡ, ಅರ್ಧ ಮರಾಠಿ ಆಡುವ ಆ ಊರಲ್ಲಿ ಇದು ನಡೆಯಲು ಕಲಿತ ಮಗುವಿಗೂ ಗೊತ್ತು. ಪೆಟ್ಟಿಗೆ ಮಂಚದ ಕೆಳಗಿದೆ ಮಗೂ ಎಂದಿದ್ದಳು ಆಯಿ. ಮೂವತ್ತು ವರ್ಷ ಒಂದು ಕೊಂಬು ತಪ್ಪಿದರೂ ಸುಮ್ಮನೆ ಬಿಡದ ಮನುಷ್ಯ ಅವತ್ತು ಬಿಟ್ಟ. “ಹೌದು, ಛಲೋ ಮಾತು,” ಎಂದ. ಎಷ್ಟೋ ದಿನದ ಮೇಲೆ ರಾತ್ರಿಯ ಊಟ ರುಚಿಸಿತು.

ಊರಿಗೆ ಮರಳಿದ ರೋಹನ ಎರಡೇ ದಿನದಲ್ಲಿ ಕಾದಂಬರಿಯ ಹೆಸರನ್ನು ಫೋನಿನಲ್ಲಿ ಲೋಕಕ್ಕೆಲ್ಲ ಸಾರಿದ. ‘ಖಾಲಿ ಪೆಟ್ಟಿಗೆ.’ ನೂರಾರು ಜನ ಭೇಷ್ ಎಂದಿದ್ದರು. ಗುರುಪುತ್ರಪ್ಪ ಒಂದೊಂದನ್ನೂ ಓದಿದ. ಪುಸ್ತಕ ಬರಲಿ, ಖಾನಾಪುರದವರು ಓದಿ ನಗಲಿ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ಅದನ್ನು ನೇರವಾಗಿ ನೋಡಲಾಗಲಿಲ್ಲ. ಆದರೂ ಭಾನುವಾರ ರೈಲು ಹತ್ತಿ ಒಬ್ಬನೇ ಖಾನಾಪುರಕ್ಕೆ ಹೋದ. ವಹಿ ತನಗೆ ಬೇಕಿತ್ತು.

ಹೀರಾಬಾಯಿ ಮೊದಲು ಕೇಳಿದ್ದೇ ರೋಹನನನ್ನು. “ಆ ಬಾಳ ಯಾಕ ನೋಡದ ಹ್ವಾದ? ಖಾಲಿ ಅದ ಅಂತ ಹೇಳಿದ್ನೆಲ್ಲ. ಬಗ್ಗಾಕ ನಾಚಿಕಿ ಬಂತೇನ ಅವಗ?”

ಅವನಿಗೆ ಅವಸರವಿತ್ತೆಂದು ಗುರುಪುತ್ರಪ್ಪ ಹೇಳಿದ. ಪೂನಮ್ ಬಗ್ಗಿ ಪೆಟ್ಟಿಗೆ ಎಳೆದು, ಬಟ್ಟೆಯ ಗಂಟು ಬಿಚ್ಚಿ ವಹಿಯನ್ನು ಅವನ ಕೈಗಿಟ್ಟಳು. ಆಯಿಯ ಅತ್ತೆಯ ಗುಂಡನೆಯ ಕನ್ನಡ ಅಕ್ಷರ, ಮಾಸಿದ ನೇರಳೆ ಮಸಿ. ಅವನು ಓದತೊಡಗಿದ. ಮಸಿ ಹರಡಿ ಅವನು ತಡವರಿಸಿದಲ್ಲಿ ಹೀರಾಬಾಯಿ ಕಣ್ಣು ಮುಚ್ಚಿಕೊಂಡೇ ಸಾಲು ತುಂಬಿದಳು. ಏಳೆಂಟು ದಳ ಮುಗಿದ ಮೇಲೆ ಕೈಯೆತ್ತಿ ನಿಲ್ಲಿಸಿದಳು.

“ಇಷ್ಟ ವರ್ಷ ಕಟ್ಟಿ ಮ್ಯಾಲ ಕುಂತ ಕೇಳಿದಿ. ಒಮ್ಮೆರ ವಹಿ ಕೊಡ್ರಿ ಅಂದಿಲ್ಲ. ನಿನಗ ಬ್ಯಾಡಂತ ತಿಳಕೊಂಡಿದ್ನಿ.”

“ಕೇಳಬಾರದು ಅಂತ ನಾ ತಿಳಕೊಂಡಿದ್ದೆ, ಆಯೀ.”

“ಹುಚ್ಚಪ್ಪ. ಬಾಯಿಬಿಟ್ಟ ಕೇಳಿದಾಂವ ಅವನೊಬ್ಬನ. ಶಾಸ್ತ್ರದ ವಹಿ ಕೇಳಿದವ್ರು ಬರೇ ಕೈಲೆ ಹೋದ್ರ ಪಾಪ ನನಗ ಸುತಗೋತದ. ಅವಗ ಫೋನ್ ಮಾಡು.”

ತನ್ನ ಸುಳ್ಳು ಮುದುಕಿಯ ಲೆಕ್ಕಕ್ಕೆ ಹೋಗುತ್ತದೆಂದು ಅವನು ಎಣಿಸಿರಲಿಲ್ಲ. ವಹಿಯನ್ನು ಎದೆಗೊತ್ತಿಕೊಂಡು ಕಟ್ಟೆಗೆ ಬಂದು ಫೋನ್ ಹಚ್ಚಿದ.

“ರೋಹನ್, ಖಾಲಿ ಅಂದ್ರ ಕೆಳಗ. ಪೆಟ್ಟಿಗಿ ಮಂಚದ ಕೆಳಗ ಇತ್ತು. ವಹಿ ಈಗ ನನ್ನ ಕೈಯಾಗ ಐತಿ. ಅವತ್ತ ನನಗ ಗೊತ್ತಿತ್ತಪಾ. ಬೇಕಂತನ ಹೇಳಲಿಲ್ಲ.”

ಆ ಕಡೆಯಿಂದ ಬೈಗುಳ ಬರಲೆಂದು ಕಾದ. ಬಂದದ್ದು ನಗು. ಮಂಚದ ಕೆಳಗೇ ಇದ್ದದ್ದನ್ನು ಒಂದು ಶಬ್ದ ತಿಳಿಯದೆ ಬಿಟ್ಟುಬಂದೆನೇ, ಇದು ಇನ್ನೂ ಚೆನ್ನಾಗಿದೆ ಸರ್, ಕಾದಂಬರಿಯೇ ತಿರುಗಿಬಿತ್ತು, ಗೊತ್ತಿದ್ದೂ ಹೇಳದ ಮುದುಕನೂ ಅದರಲ್ಲಿ ಬರಲಿ ಎಂದ. ಗುರುಪುತ್ರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಮಾಡಿದ ಪಾಪವೂ ಇವನಿಗೇ ಫಲ ಕೊಡಬೇಕೆ?

ಆಮೇಲೆ ರೋಹನ ಮರ್ಯಾದೆಗೆಂಬಂತೆ ಕೇಳಿದ. “ನೀವೂ ಇದರ ಮೇಲೆ ಏನಾದ್ರೂ ಬರೀತಿದೀರಾ ಸರ್?”

“ಹೂಂ. ಬರ್ಯಾಕತ್ತೀನಿ.”

ಒಂದಕ್ಷರವೂ ಬರೆದಿರಲಿಲ್ಲ. ಆದರೆ ಆ ಕಡೆಯ ನಗು ನಿಂತಿತು. ಎಷ್ಟು ಬರೆದಿದ್ದೀರಿ, ಯಾವಾಗ ಮುಗಿಯುತ್ತದೆ ಎಂದು ರೋಹನ ತಡೆದು ತಡೆದು ಕೇಳಿದ. ಹೊಟ್ಟೆಕಿಚ್ಚಿನ ಆ ದನಿಯನ್ನು ಗುರುಪುತ್ರಪ್ಪ ಬಲ್ಲ. ಹನ್ನೊಂದು ವರ್ಷ ತನ್ನ ಗಂಟಲಿನಲ್ಲೇ ಅದನ್ನು ಕೇಳಿದ್ದ. ಸಂತೋಷವಾಗಬೇಕಿತ್ತು, ಹುಡುಗನ ಮೇಲೆ ಮರುಕ ಬಂತು.

“ನೀ ಬಾ. ಆಯಿ ಬಾಯಿಲೆ ಹಾಡು ಕೇಳಿ ಹೋಗು. ನಂದೂ ಓದಿ ತೋರಸ್ತೀನಿ,” ಎಂದು ಫೋನ್ ಇಟ್ಟ.

ಒಳಗೆ ಹೋಗಿ ಪೂನಮ್‌ಗೆ ನಾಲ್ಕು ಹಾಳೆ, ಒಂದು ಪೆನ್ನು ಕೇಳಿದ.