ಏಳನೇ ನಂಬರಿನ ರಜಾ ಅರ್ಜಿ

ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಸೇವ್ ಮಿಸ್’ ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳಿಗೆ ಇದಕ್ಕಿಂತ ಕೆಟ್ಟ ಹೆಸರು ಬೀಳುವುದುಂಟು, ಹಾಗಾಗಿ ಕೇಳಿಸದವಳ ಹಾಗೆ ಇದ್ದುಬಿಡುತ್ತೇನೆ. ಆ ಹೆಸರು ಬಂದದ್ದು ನನ್ನದೇ ಒಂದು ಪದ್ಧತಿಯಿಂದ. ಮಕ್ಕಳೆಲ್ಲ ಟೈಪ್ ಮಾಡುವುದರಲ್ಲಿ ಮುಳುಗಿರುವಾಗ, ಒಂದು ಮಾತೂ ಹೇಳದೆ, ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದುಬಿಡುತ್ತಿದ್ದೆ. ಹದಿನಾರು ಪರದೆಗಳೂ ಒಟ್ಟಿಗೆ ಕಪ್ಪಾಗುತ್ತಿದ್ದವು. ಸೇವ್ ಮಾಡಿಕೊಂಡವರದು ಉಳಿಯಿತು, ಮಾಡದವರದು ಹೋಯಿತು. ಹೀಗೆ ಎಳೆಯುವುದು ಯಂತ್ರಕ್ಕೆ ಒಳ್ಳೆಯದಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಹತ್ತು ಸಲ ಹೇಳಿಸಿಕೊಂಡು ಮರೆಯುವ ಪಾಠವನ್ನು ಒಂದು ಸಲ ಕಳೆದುಕೊಂಡರೆ ಮರೆಯುವುದಿಲ್ಲ ಅನ್ನುವುದು ನನ್ನ ವಾದ.

ಇನ್ನೊಂದು ನಿಯಮವೂ ಇತ್ತು. ಲ್ಯಾಬಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದೆ: ಬಾಯಿಗೆ ಬೀಗ, ಬೆರಳಿಗೆ ಕೆಲಸ. ನನ್ನ ತರಗತಿಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಸಂದೇಹ ಇದ್ದರೆ ಪರದೆಯ ಮೇಲೆ ಟೈಪ್ ಮಾಡಿ ಸುಮ್ಮನೆ ಕೂರಬೇಕು, ನಾನು ಸುತ್ತು ಬರುವಾಗ ನೋಡುತ್ತೇನೆ. ಮೂವತ್ತೆರಡು ಮಕ್ಕಳು ಎರಡು ಪಾಳಿಯಲ್ಲಿ ಬಂದು, ಹೊರಗೆ ಶೂ ಬಿಚ್ಚಿಟ್ಟು, ಬೆವೆತ ಸಾಕ್ಸಿನಲ್ಲಿ ಒಳಗೆ ಕೂತರೆ ಕೀಲಿಗಳ ಪಟಪಟ ಬಿಟ್ಟು ಬೇರೆ ಸದ್ದಿಲ್ಲ. ಹೆಡ್‌ಮಾಸ್ಟರು ಬೇರೆ ಶಿಕ್ಷಕರನ್ನು ಕರೆತಂದು ತೋರಿಸುತ್ತಿದ್ದರು. ನಾನೂ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ವರ್ಷದಿಂದ ನಾನು ಆ ಸ್ವಿಚ್ಚನ್ನು ಮುಟ್ಟಿಲ್ಲ. ಸಂಜೆ ಲ್ಯಾಬು ಮುಚ್ಚುವಾಗಲೂ ಜವಾನನನ್ನೇ ಕರೆಯುತ್ತೇನೆ.

ಕಿಟಕಿ ಪಕ್ಕದ ಏಳನೇ ನಂಬರಿನ ಯಂತ್ರದ ಮೇಲೆ ‘ಕೆಟ್ಟಿದೆ’ ಅಂತ ಒಂದು ಚೀಟಿ ಇದೆ. ಅಂಟಿಸಿದವಳು ನಾನೇ. ಯಂತ್ರ ಕೆಟ್ಟಿರಲಿಲ್ಲ. ಅಲ್ಲಿ ಕೂರುತ್ತಿದ್ದ ಹುಡುಗಿ ಕಳೆದ ವರ್ಷ, ಒಂಬತ್ತನೇ ತರಗತಿಯಲ್ಲಿದ್ದಾಗ, ಅಪೆಂಡಿಕ್ಸ್ ಒಡೆದು ತೀರಿಕೊಂಡಳು. ಕಂಪ್ಯೂಟರ್ ತರಗತಿಯಲ್ಲಿ ನಾನು ಎಲ್ಲರನ್ನೂ ಯಂತ್ರದ ನಂಬರಿನಿಂದಲೇ ಕರೆಯುತ್ತೇನಾದ್ದರಿಂದ ನನ್ನ ಪಾಲಿಗೆ ಅವಳು ಏಳನೇ ನಂಬರ್.

ಅವಳು ಹೋದ ಮೇಲೆ ಆ ಯಂತ್ರ ಒಂದು ಚಾಳಿ ಕಲಿಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಯಾರೂ ಗುಂಡಿ ಒತ್ತದೆ ತಾನಾಗಿ ಆನ್ ಆಗುತ್ತಿತ್ತು. ಮೊದಲ ಸಲ ಹುಡುಗಿಯರು ಕಿರುಚಿಕೊಂಡು ಹೊರಗೋಡಿದರು. ಅದಕ್ಕೊಂದು ಸೆಟ್ಟಿಂಗ್ ಇರುತ್ತದೆ, ದೆವ್ವವೂ ಇಲ್ಲ ಭೂತವೂ ಇಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಅವಳ ಗೆಳತಿ, ಎಂಟನೇ ನಂಬರಿನವಳು, ಕೈಯೆತ್ತಿ ಕೇಳಿದಳು: “ಮತ್ತೆ ಉಳಿದ ಹದಿನೈದು ಯಾಕೆ ಹಾಗೆ ಮಾಡಲ್ಲ ಮಿಸ್?”

ಅವತ್ತು ಸಂಜೆ ಒಬ್ಬಳೇ ಕೂತು ಆ ಯಂತ್ರದಲ್ಲಿ ವರ್ಡ್ ತೆರೆದೆ. ಪರದೆಯ ಎಡಗಡೆ ಒಂದು ಪಟ್ಟಿ ಮೂಡಿತು. ಸೇವ್ ಮಾಡದ ಒಂದು ಕಡತ ಸಿಕ್ಕಿದೆ, ನೋಡುತ್ತೀರಾ? ಪಕ್ಕದಲ್ಲಿ ಅವಳು ಕೊನೆಯ ಸಲ ಅಲ್ಲಿ ಕೂತ ದಿನದ ತಾರೀಖು, ಹನ್ನೊಂದು ಗಂಟೆ ಹತ್ತು ನಿಮಿಷ. ನಾನು ‘ಆಮೇಲೆ’ ಅನ್ನುವುದನ್ನು ಒತ್ತಿದೆ. ಆಮೇಲೆಯೂ ಹಲವು ಸಲ ಹೋದೆ, ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ. ತೆರೆಯುವ ಧೈರ್ಯ ಇರಲಿಲ್ಲ, ಅಳಿಸುವುದಕ್ಕೆ ಕೈ ಬರಲಿಲ್ಲ. ಕೊನೆಗೆ ಚೀಟಿ ಅಂಟಿಸಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ತರಗತಿಯ ಎಕ್ಸೆಲ್ ಪಟ್ಟಿಯಲ್ಲೂ ಹಾಗೆಯೇ ಮಾಡಿದ್ದೆ. ಅವಳ ಸಾಲನ್ನು ಅಳಿಸಲಾಗದೆ ಹೈಡ್ ಮಾಡಿದ್ದೆ. ಹೈಡ್ ಮಾಡಿದ ಸಾಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಎಲ್ಲಿಗೂ ಹೋಗಿರುವುದಿಲ್ಲ. ಇದನ್ನು ಮಕ್ಕಳಿಗೆ ಪಾಠ ಮಾಡಿದವಳೂ ನಾನೇ.

ಈ ವರ್ಷ ಹತ್ತನೆಯವರಿಗೆ ಮೇಲ್ ಮರ್ಜ್ ಕಲಿಸುವ ಹೊತ್ತಿಗೆ ಪೋಷಕರ ಸಭೆ ಬಂತು. ಒಂದೇ ಪತ್ರ ಬರೆದು ಪಟ್ಟಿಗೆ ಜೋಡಿಸಿದರೆ ಯಂತ್ರವೇ ಒಬ್ಬೊಬ್ಬರ ಹೆಸರು, ವಿಳಾಸ ತುಂಬಿ ಅಷ್ಟೂ ಪತ್ರ ತಯಾರು ಮಾಡುತ್ತದೆ. ಮಕ್ಕಳಿಗೆ ತೋರಿಸಿ, ಆಮೇಲೆ ನಾನೇ ಪ್ರಿಂಟ್ ಕೊಟ್ಟೆ. ಎಂಟನೇ ತರಗತಿಯ ಮಕ್ಕಳು ಮಡಚಿ ಲಕೋಟೆಗೆ ಹಾಕಿದರು. “ಮಿಸ್, ಒಂದು ಲಕೋಟೆ ಕಮ್ಮಿ ಬಿತ್ತು” ಅಂದರು. ಮೂವತ್ತೊಂದು ಎಣಿಸಿಟ್ಟಿದ್ದೆನಲ್ಲ ಅಂದುಕೊಳ್ಳುತ್ತಲೇ ಮೇಜಿನ ಖಾನೆಯಿಂದ ಇನ್ನೊಂದು ತೆಗೆದುಕೊಟ್ಟೆ.

ಸಭೆ ಶುಕ್ರವಾರ ಮಧ್ಯಾಹ್ನ ಎರಡಕ್ಕೆ, ಲ್ಯಾಬಿನಲ್ಲೇ. ಅವತ್ತೇ ನಾಲ್ಕಕ್ಕೆ ಹಳೆ ಯಂತ್ರಗಳನ್ನು ಒಯ್ಯುವವನು ಬರುವುದಿತ್ತು. ಸೋಮವಾರ ಹೊಸವು ಬರುತ್ತವೆ. ಹಳೆಯವನ್ನು ಒಳಗೆಲ್ಲ ಒರೆಸಿ, ಖಾಲಿ ಮಾಡಿ, ಬಿಡಿಭಾಗಕ್ಕೆ ಮಾರುತ್ತಾರಂತೆ. ಆ ವಾರವೆಲ್ಲ ನನಗೆ ಹಗುರಾಗಿತ್ತು. ನಾನು ಅಳಿಸಲಾಗದ್ದನ್ನು ಬೇರೆ ಯಾರೋ ಅಳಿಸುತ್ತಾರೆ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಮೂರು ಗಂಟೆಗೆ ಕೊನೆಯ ತಂದೆತಾಯಿ ಎದ್ದು ಹೋದರು. ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಚ್ಚುತ್ತಿದ್ದಳು. ಸ್ವೆಟರಿನ ತೋಳಿಗೆ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿದ್ದವು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸ ಅವಳದು. ಏಳನೇ ನಂಬರಿನ ತಾಯಿ. ಮೇಜಿನ ಮೇಲೆ ನನ್ನ ಪತ್ರ ಬಿಡಿಸಿಟ್ಟಳು. ‘ನಿಮ್ಮ ಮಗಳ ಪ್ರಗತಿಯ ಬಗ್ಗೆ ಮಾತನಾಡಲು ತಪ್ಪದೆ ಬನ್ನಿ.’

ಹೈಡ್ ಮಾಡಿದ್ದ ಸಾಲನ್ನೂ ಯಂತ್ರ ಓದಿ ಪತ್ರ ತಯಾರು ಮಾಡಿತ್ತು. ಎದ್ದು ನಿಂತೆ. “ತಪ್ಪಾಗಿದೆ ಅಮ್ಮಾ... ಪಟ್ಟಿಯಲ್ಲಿ... ನಂದೇ ತಪ್ಪು.”

“ತಪ್ಪು ಅಂತ ಗೊತ್ತು ಮೇಡಂ. ಅಷ್ಟು ತಿಳಿಯಲ್ವಾ ನನಗೆ?” ಅಂದಳು. ಸಿಟ್ಟು ಇರಲಿಲ್ಲ. “ಕಾಗದ ಬಂದಾಗ ಮೊದಲು ಹರಿದು ಹಾಕೋಣ ಅನ್ನಿಸ್ತು. ಆಮೇಲೆ, ಅವಳ ಹೆಸರಲ್ಲಿ ಇನ್ಯಾರು ನನ್ನ ಕರೀತಾರೆ ಅನ್ನಿಸ್ತು. ಅರ್ಧ ದಿನ ರಜೆ ಹಾಕಿ ಬಂದೆ. ಅವಳು ಎಲ್ಲಿ ಕೂತ್ಕೊಳ್ತಿದ್ಲು?”

ತೋರಿಸಿದೆ. ಅವಳು ಹೋಗಿ ಕುರ್ಚಿಯ ಬೆನ್ನು ಸವರಿದಳು, ಕೂರಲಿಲ್ಲ. ಅಕ್ಷರ ಅಳಿಸಿಹೋದ ಕೀಲಿಗಳನ್ನು ನೋಡಿದಳು. ಚೀಟಿ ಓದಿದಳು.

“ಇದರೊಳಗೆ ಅವಳು ಬರೆದಿದ್ದು ಏನಾದ್ರೂ ಉಳಿದಿದೆಯಾ ಮೇಡಂ? ಒಂದು ಸಾಲಾದ್ರೂ?”

ಗಡಿಯಾರದಲ್ಲಿ ಮೂರೂ ಹತ್ತು. ‘ಕೆಟ್ಟಿದೆ’ ಅಂತ ಚೀಟಿಯೇ ಹೇಳುತ್ತಿತ್ತು, ನಾನು ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ. ಸುಮ್ಮನಿದ್ದರೆ ಇನ್ನು ಐವತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತಿತ್ತು. ಯಾಕೆಂದರೆ ಆ ಕಡತದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಜಗತ್ತಿನಲ್ಲಿ ಈ ಹೆಂಗಸು ಓದಬಾರದ ಕಾಗದ ಒಂದಿದ್ದರೆ ಅದು ಅದೇ ಆಗಿತ್ತು.

ಅವಳ ಆ ಕೊನೆಯ ದಿನದ ಅಭ್ಯಾಸ ರಜಾ ಅರ್ಜಿ. ತಾರೀಖು ಬಲಕ್ಕೆ, ವಿಷಯ ನಡುವೆ, ಅದರ ಕೆಳಗೆ ಗೆರೆ. “ಕಾರಣ ನಿಮ್ಮಿಷ್ಟ, ಸುಳ್ಳಾದ್ರೂ ನಂಬೋ ಹಾಗಿರಲಿ” ಅಂದಿದ್ದೆ. ಮಕ್ಕಳಿಗೆ ಹಬ್ಬ. ಒಬ್ಬನ ಬೆಕ್ಕು ಮರಿ ಹಾಕಿತ್ತು, ಇನ್ನೊಬ್ಬನ ಅಜ್ಜಿ ಆ ವರ್ಷದಲ್ಲಿ ಮೂರನೇ ಸಲ ತೀರಿಕೊಂಡಿದ್ದಳು. ಏಳನೇ ನಂಬರಿನ ಹಿಂದೆ ನಿಂತು ಓದಿದೆ. ಬೆಳಿಗ್ಗೆಯಿಂದ ಹೊಟ್ಟೆಯ ಬಲಗಡೆ ತುಂಬಾ ನೋಯುತ್ತಿದೆ, ನೆಟ್ಟಗೆ ನಿಲ್ಲಲಾಗುತ್ತಿಲ್ಲ, ದಯವಿಟ್ಟು ಈಗಲೇ ಮನೆಗೆ ಕಳುಹಿಸಿ. ನಾನು ಅದನ್ನು ಗಟ್ಟಿಯಾಗಿ ಇಡೀ ತರಗತಿಗೆ ಓದಿ ಹೇಳಿದೆ. “ನೋಡಿ, ಬಲಗಡೆ ಅಂತ ಬೇರೆ ಸೇರಿಸಿದ್ದಾಳೆ. ಸುಳ್ಳು ಹೇಳೋದಿದ್ರೆ ಇವಳ ಹಾಗೆ ಹೇಳ್ಬೇಕು.” ಎಲ್ಲರೂ ನಕ್ಕರು. ಅವಳೂ ನಕ್ಕಳು, ಅಥವಾ ಅವಳು ಹಲ್ಲು ಕಚ್ಚಿದ್ದು ನನಗೆ ನಗುವಾಗಿ ಕಂಡಿತು. ಅರ್ಜಿಯನ್ನು ನನ್ನ ಹೆಸರಿಗೆ ಬರೆದಿದ್ದಳು. “ರಜೆ ಕೊಡೋರು ಹೆಡ್‌ಮಾಸ್ಟರು ಕಣೇ, ನಾನಲ್ಲ. ತಾರೀಖು ಎಡಕ್ಕೆ ಹಾಕಿದ್ದೀಯ, ಬಲಕ್ಕೆ ತಗೊ” ಎಂದು ಮುಂದೆ ಹೋದೆ. ಐದು ನಿಮಿಷದ ಮೇಲೆ ಸ್ವಿಚ್ಚು ಎಳೆದೆ.

ಸಂಜೆ ಅವಳು ಮೆಟ್ಟಿಲ ಮೇಲೆ ಕುಸಿದಳು. ಮೂರನೇ ದಿನ ಹೋದಳು. ಬೆಳಿಗ್ಗೆಯೇ ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತು. ಅವಳು ಬೆಳಿಗ್ಗೆಯೇ ಕೇಳಿದ್ದಳು ಅನ್ನುವುದು ನನಗೆ ಗೊತ್ತಿತ್ತು. ನಕ್ಕ ಮಕ್ಕಳಿಗೂ ಗೊತ್ತಿತ್ತು. ಅವರು ಒಂದು ವರ್ಷದಿಂದ ನನ್ನ ಮುಖ ನೋಡುತ್ತಾರೆ, ಏನೂ ಹೇಳುವುದಿಲ್ಲ. ಬಾಯಿಗೆ ಬೀಗ ಹಾಕಿಸಿದ್ದು ನಾನೇ ಅಲ್ಲವೆ.

ತಾಯಿ ಕಾಯುತ್ತಿದ್ದಳು. ನಾನು ಚೀಟಿ ಕಿತ್ತೆ.

“ಕೆಟ್ಟಿಲ್ಲ ಅಮ್ಮಾ. ಒಳಗೆ ಅವಳು ಬರೆದಿದ್ದು ಒಂದು ಇದೆ. ನಾನು ಅವತ್ತೇ ಓದಿದ್ದೆ. ಓದಿ ನಕ್ಕಿದ್ದೆ.” ಚೀಟಿಯನ್ನು ಮುದುರಿ ಮೇಜಿನ ಮೇಲಿಟ್ಟೆ. “ಓದಿದ ಮೇಲೆ ನೀವು ನನಗೆ ಏನು ಬೇಕಾದ್ರೂ ಅನ್ನಿ.”

ಯಂತ್ರ ಆನ್ ಮಾಡಿದೆ. ವರ್ಡ್ ತೆರೆದೆ. ಎಡಗಡೆ ಅದೇ ಪಟ್ಟಿ, ಅದೇ ಪ್ರಶ್ನೆ. ಈ ಸಲ ‘ನೋಡು’ ಒತ್ತಿದೆ.

ಅರ್ಜಿ ಮೂಡಿತು. ತಾರೀಖು ಬಲಗಡೆಗೆ ಬಂದಿತ್ತು. ನಾನು ಹೇಳಿದ್ದಕ್ಕೆ ಅದನ್ನು ಸರಿಪಡಿಸಿದ್ದಳು, ಆ ನೋವಿನಲ್ಲೂ. ತಾಯಿ ಬಗ್ಗಿ, ತುಟಿ ಅಲ್ಲಾಡಿಸುತ್ತ ಓದಿದಳು. ನಾನು ನೆಲ ನೋಡುತ್ತ ನಿಂತೆ.

“ಕೆಳಗೆ ಇನ್ನೂ ಏನೋ ಇದೆ” ಅಂದಳು.

ತಲೆಯೆತ್ತಿದೆ. ‘ನಿಮ್ಮ ವಿಧೇಯ ವಿದ್ಯಾರ್ಥಿನಿ’ ಆದ ಮೇಲೆ ಜಾಗ ಬಿಟ್ಟು ಮೂರು ವಾಕ್ಯಗಳಿದ್ದವು. ಅವನ್ನು ನಾನು ಯಾವತ್ತೂ ನೋಡಿರಲಿಲ್ಲ.

‘ಮಿಸ್, ಇದು ಪಾಠದ ಅರ್ಜಿ ಅಲ್ಲ. ನಿಜವಾಗಿಯೂ ನೋಯುತ್ತಿದೆ. ಇನ್ನೊಂದು ಸಲ ಬಂದು ನೋಡಿ.’

ಬಾಯಿ ಬಿಡಬಾರದು ಅನ್ನುವ ನನ್ನ ನಿಯಮವನ್ನು ಪಾಲಿಸಿ, ಟೈಪ್ ಮಾಡಿ, ನಾನು ಸುತ್ತು ಬರುವುದನ್ನು ಕಾಯುತ್ತ ಕೂತಿದ್ದಳು. ನಾನು ಸುತ್ತು ಬರಲಿಲ್ಲ, ಸ್ವಿಚ್ಚಿನ ಕಡೆಗೆ ಹೋದೆ. ಎಂಟನೇ ನಂಬರಿನ ಕುರ್ಚಿಯಲ್ಲಿ ಕೂತುಬಿಟ್ಟೆ. ಒಂದು ವರ್ಷದಿಂದ ಯಾವುದಕ್ಕೆ ಹೆದರಿದ್ದೆನೋ ಅದಕ್ಕಿಂತ ದೊಡ್ಡದು ಅದರ ಕೆಳಗೇ ಇತ್ತು.

ತಾಯಿ ಪರದೆಗೇ ಹೇಳುವವಳ ಹಾಗೆ ಅಂದಳು: “ಬೆಳಿಗ್ಗೆ ನನಗೂ ಹೇಳಿದ್ಲು. ಅಮ್ಮಾ, ಹೊಟ್ಟೆ ನೋಯ್ತಿದೆ, ಇವತ್ತು ಹೋಗಲ್ಲ ಅಂತ. ನನಗೆ ರಜೆ ಸಿಕ್ಕಿರಲಿಲ್ಲ. ಮನೇಲಿ ಒಬ್ಬಳೇ ಬಿಡೋದು ಹೇಗೆ? ನಾಟಕ ಆಡಬೇಡ, ನಡಿ, ಅಲ್ಲಿ ನಿಮ್ಮ ಮಿಸ್ ಇರ್ತಾರೆ, ಹೇಳು, ನೋಡ್ಕೊಳ್ತಾರೆ ಅಂತ ನಾನೇ ಚೀಲ ಹೆಗಲಿಗೆ ಹಾಕಿ ಕಳಿಸಿದೆ.” ಸ್ವೆಟರಿನ ತೋಳಿನಿಂದ ಒಂದು ದಾರ ಕಿತ್ತಳು. “ಹೇಳಿದ್ಲೋ ಇಲ್ವೋ ಅಂತ ಗೊತ್ತಿರಲಿಲ್ಲ. ಅದನ್ನ ತಿಳ್ಕೊಳ್ಳೋಕೇ ಬಂದಿದ್ದು. ಹೇಳಿದ್ದಾಳೆ.”

ಇಬ್ಬರೂ ಅತ್ತೆವು. ನಾನು ಕ್ಷಮೆ ಕೇಳಿದೆ. ಅವಳು ಕೊಡಲೂ ಇಲ್ಲ, ಕೊಡುವುದಿಲ್ಲ ಅನ್ನಲೂ ಇಲ್ಲ.

“ಇದನ್ನ ಕಾಗದದಲ್ಲಿ ತೆಗೀರಿ” ಅಂದಳು. ಪ್ರಿಂಟ್ ತೆಗೆದೆ. ಬಿಸಿಯಾಗಿದ್ದ ಹಾಳೆಯನ್ನು ನನ್ನ ಮುಂದಿಟ್ಟು, ನನ್ನ ಜೇಬಿನ ಪೆನ್ನು ತೋರಿಸಿದಳು. “ನಮ್ಮ ಕಾರ್ಖಾನೇಲೂ ಅರ್ಜಿ ಬರೀತೀವಿ. ಸೂಪರ್‌ವೈಸರು ಕೊಡ್ತೀನಿ ಅಂತಾನೋ ಕೊಡಲ್ಲ ಅಂತಾನೋ, ಏನೋ ಒಂದು ಬರೆದು ಸಹಿ ಹಾಕ್ತಾನೆ. ಅರ್ಜಿ ಹಾಗೇ ಬಿದ್ದಿರಬಾರದು ಮೇಡಂ. ನಿಮ್ಮ ಹೆಸರಿಗೆ ಬರೆದಿದ್ದಾಳೆ. ಉತ್ತರ ಕೊಡಿ.”

ಅಂಚಿನಲ್ಲಿ ‘ಮನೆಗೆ ಹೋಗಬಹುದು’ ಎಂದು ಬರೆದೆ. ಸಹಿ ಹಾಕಿದೆ. ತಾರೀಖಿನ ಜಾಗದಲ್ಲಿ ಪೆನ್ನು ನಿಂತಿತು.

“ಅವತ್ತಿಂದೇ ಹಾಕಿ” ಅಂದಳು.

ಹಾಕಿದೆ. ಅವಳು ಹಾಳೆಯನ್ನು ಮಡಚಿ, ನಾನು ತಪ್ಪಾಗಿ ಕಳಿಸಿದ್ದ ಲಕೋಟೆಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಹೋದಳು. ಚಪ್ಪಲಿ ಮೆಟ್ಟಿ, ಹಿಂದೆ ತಿರುಗಿ, ನನ್ನನ್ನಲ್ಲ, ಕಿಟಕಿ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು.

“ಬಾರಮ್ಮಾ, ರಜೆ ಸಿಕ್ತು. ಮನೆಗೆ ಹೋಗೋಣ.”

ನಾಲ್ಕಕ್ಕೆ ಯಂತ್ರ ಒಯ್ಯುವವನು ಬಂದ. ಪಟ್ಟಿ ನೋಡುತ್ತ, “ಏಳನೇದು ಕರೆಂಟು ಬಂದ್ರೆ ತಾನಾಗೇ ಆನ್ ಆಗುತ್ತಂತೆ, ನಿಮ್ಮ ಜವಾನ ಹೇಳಿದ. ನೋಡೋಣ” ಎಂದು ಮೇನ್ ಸ್ವಿಚ್ಚು ಕೆಳಗೆಳೆದು, ಹತ್ತು ಎಣಿಸಿ, ಮತ್ತೆ ಮೇಲಕ್ಕೆ ತಳ್ಳಿದ. ಫ್ಯಾನು ತಿರುಗಿತು. ಹದಿನಾರು ಪರದೆಗಳೂ ಕಪ್ಪಾಗಿಯೇ ಇದ್ದವು. ಇನ್ನೊಂದು ಸಲ ಎಳೆದು ತಳ್ಳಿದ. ಏಳನೇದು ಅಲ್ಲಾಡಲಿಲ್ಲ.

“ಎಲ್ಲಿ, ಆಗ್ತಿಲ್ವಲ್ಲ?”

“ಆಗ್ತಿತ್ತು” ಅಂದೆ.

ನನಗೆ ಸಮಾಧಾನವಾಗಲಿಲ್ಲ. ಅದು ತಾನಾಗಿ ಬೆಳಗುತ್ತಿದ್ದಷ್ಟು ದಿನ ಅಲ್ಲೊಬ್ಬಳು ನನಗಾಗಿ ಕಾಯುತ್ತಿದ್ದಳು. ಅವನು ವೈರುಗಳನ್ನು ಸುತ್ತತೊಡಗಿದ. ನಾನು ಎದ್ದು, ಆ ದಿನ ಹಾಕಬೇಕಿದ್ದ ಸುತ್ತನ್ನು ಹಾಕಿದೆ, ಒಂದನೇ ನಂಬರಿನಿಂದ ಹದಿನಾರರವರೆಗೆ, ಒಂದೊಂದು ಪರದೆಯ ಮುಂದೆಯೂ ನಿಂತು ನೋಡುತ್ತ.