ಏಳದೆ ಕೂತವನ ಸಾಕ್ಷಿ

ಲಿಫ್ಟ್ ರಿಪೇರಿ ಮಾಡುವವನಿಗೆ ಭಾನುವಾರ ಫೋನ್ ಬಂದರೆ ಅದಕ್ಕೆ ಒಂದೇ ಕಾರಣ: ಯಾರೋ ಒಳಗೆ ಸಿಕ್ಕಿಕೊಂಡಿದ್ದಾರೆ. ಉಳಿದ ದೂರುಗಳನ್ನೆಲ್ಲ ಜನ ಸೋಮವಾರಕ್ಕೆ ಇಟ್ಟುಕೊಳ್ಳುತ್ತಾರೆ. ಹದಿನಾರು ವರ್ಷದಿಂದ ಇದು ನನಗೆ ಗೊತ್ತು. ಆ ಭಾನುವಾರವೂ ಗೊತ್ತಿತ್ತು.

ನಮ್ಮ ಕ್ರೈಸ್ತ ಸಭೆಯಲ್ಲಿ ಕರ್ತನ ದಿನವಾದ ಭಾನುವಾರ ಯಾರೂ ಕೆಲಸ ಮುಟ್ಟುವಂತಿಲ್ಲ. ಶನಿವಾರ ಸಂಜೆ ಆರು ಹೊಡೆದರೆ ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು. ಭಾನುವಾರ ಒಲೆ ಹಚ್ಚಿ ಊಟ ಬಿಸಿ ಮಾಡುವುದು ಕೆಲಸವೋ ಅಲ್ಲವೋ ಎಂದು ಹಿರಿಯರು ಎರಡು ವರ್ಷ ಚರ್ಚಿಸಿದರು. ಅಷ್ಟರಲ್ಲಿ ಎಲ್ಲರಿಗೂ ತಣ್ಣಗೆ ಉಣ್ಣುವುದೇ ರೂಢಿಯಾಗಿಹೋಯಿತು. ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ. ಒಳಗೆ ಬರುವವರು ಫೋನಿನ ಬಾಯಿ ಮುಚ್ಚಿಸಿ ಅದರಲ್ಲಿ ಹಾಕಬೇಕು. ಆ ದಿನ ಬಾಯಿ ಮುಚ್ಚಿಸುವುದನ್ನು ಮರೆತೆ. ನನ್ನದೋ, ಮೋಟರಿನ ಸದ್ದಿನಲ್ಲೂ ಕೇಳಿಸಲಿ ಎಂದು ಇಟ್ಟುಕೊಂಡ ಜೋರು ಗಂಟೆ.

ಬೈಬಲ್ ಪ್ರಸಂಗದ ನಡುವೆ ಅದು ಬಡಿದುಕೊಂಡಿತು. ಸಾಲಿಗೆ ಸಾಲೇ ತಿರುಗಿ ನನ್ನನ್ನು ನೋಡಿತು. ಭಾನುವಾರ ನನಗೇ ನೇರ ಫೋನ್ ಮಾಡುವವನು ಹತ್ತಿರದ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಬ್ಬನೇ. ಬೆಂಚಿನ ತುದಿಗೆ ಸರಿದೆ. ಜೇಬಿಗೆ ಕೈ ಹಾಕಿದರೆ ಮನೆಯ ಕೀ ಗೊಂಚಲು, ಅದರೊಳಗೆ ಆ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಮೋಟರ್ ಇರುವ ಮೆಷಿನ್ ರೂಮಿನ ಕೀ. ಶನಿವಾರ ಆರು ಹೊಡೆಯುವುದರೊಳಗೆ ಮನೆ ಸೇರುವ ಗಡಿಬಿಡಿಯಲ್ಲಿ ಅದನ್ನು ವಾಚ್‌ಮನ್ ಹತ್ತಿರದ ಮೊಳೆಗೆ ನೇತುಹಾಕದೆ ಬಂದುಬಿಟ್ಟಿದ್ದೆ.

ಹತ್ತು ನಿಮಿಷದ ದಾರಿ, ಹತ್ತು ನಿಮಿಷದ ಕೆಲಸ. ಮೇಲೆ ಹೋಗಿ ಕರೆಂಟ್ ತೆಗೆದು, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಲಿಫ್ಟನ್ನು ಹತ್ತಿರದ ಮಹಡಿಗೆ ತಂದರೆ ಆಯಿತು. ಗಂಟೆ ಎರಡನೇ ಸಲ ಹೊಡೆಯಿತು, ಮೂರನೇ ಸಲವೂ ಹೊಡೆದು ನಿಂತಿತು. ನಮ್ಮ ಕಂಪನಿಯ ಭಾನುವಾರದ ಪಾಳಿಯವನು ಬಂದಿರಬೇಕು, ದೇವರೇ ದಾರಿ ಮಾಡಿದ ಎಂದುಕೊಂಡೆ. ಆಮೇಲಿನ ಹಾಡನ್ನು ಗಟ್ಟಿಯಾಗಿ ಹಾಡಿದೆ ಬೇರೆ.

ಪಾಳಿಯವನು ಬಂದಿದ್ದೇನೋ ನಿಜ, ಆದರೆ ಅವನ ಹತ್ತಿರ ಕೀ ಇರಲಿಲ್ಲ. ಬೀಗ ಒಡೆದು ಲಿಫ್ಟ್ ಇಳಿಸುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಒಳಗಿದ್ದವರು ನಾಲ್ಕನೇ ಮಹಡಿಯ ಟೀಚರಮ್ಮ. ರಿಟೈರಾದವರು, ಉಬ್ಬಸದವರು. ನಾನು ಹೋದಾಗಲೆಲ್ಲ ನಾನು ಬರೆದ ಲಿಫ್ಟ್ ರಿಜಿಸ್ಟರ್ ತೆಗೆದು, "ಇದೇನು ಬರಹನಾ, ಕೋಳಿ ಕೆದರಿದ್ದಾ?" ಎಂದು ನನ್ನ ಅಕ್ಷರ ತಿದ್ದುತ್ತಿದ್ದರು. ಬಾಗಿಲು ತೆಗೆದಾಗ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದರಂತೆ. ಉಸಿರಿರಲಿಲ್ಲ.

ನನಗೆ ಅಳು ಬರಲಿಲ್ಲ. ಉಂಡೆ, ಮಲಗಿದೆ, ಎದ್ದೆ. ಹಲ್ಲಿನ ಡಾಕ್ಟರು ಸೂಜಿ ಹಾಕಿದ ದವಡೆಯ ಹಾಗೆ ಮೈಯೆಲ್ಲ ಜಡ. ಕಂಪನಿಯವರು ಕರೆಸಿ, ಭಾನುವಾರ ನಿನ್ನ ರಜೆ, ಕಾಗದದಲ್ಲೇ ಇದೆ, ನಿನ್ನ ತಪ್ಪಿಲ್ಲ ಎಂದರು. ಕೀ ಎಲ್ಲಿಡಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ. ನಿಯಮಗಳು ನನ್ನನ್ನು ಎಷ್ಟು ಚೆನ್ನಾಗಿ ಕಾಪಾಡುತ್ತವೆ ನೋಡಿ.

ಬುಧವಾರ ಮಾವ ಬಂದರು. ಹೆಂಡತಿಯ ಅಪ್ಪ, ಸಭೆಯ ಹಿರಿಯರು. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವರು.

"ಬರೋ ಭಾನುವಾರ ನೀನು ಸಭೆ ಮುಂದೆ ನಿಂತು ಸಾಕ್ಷಿ ಹೇಳ್ಬೇಕಪ್ಪಾ," ಎಂದರು.

"ಏನಂತ?"

"ಫೋನ್ ಅಷ್ಟು ಹೊಡ್ಕೊಂಡ್ರೂ ನೀನು ಏಳ್ಲಿಲ್ಲ. ಇಡೀ ಸಭೆ ನೋಡಿದೆ. ಈಗಿನವರು ಡ್ಯೂಟಿ ಡ್ಯೂಟಿ ಅಂತ ಭಾನುವಾರಾನೂ ಓಡ್ತಾರೆ. ನಿನ್ನ ನೋಡಿ ಕಲೀಲಿ."

"ಟೀಚರಮ್ಮ ತೀರ್ಕೊಂಡ್ರು, ಮಾವ."

"ಆಯುಸ್ಸು ದೇವ್ರ ಕೈಲಿದೆ. ನಿನ್ನ ಕೈಲಿದ್ದದ್ದು ವಿಧೇಯತೆ. ಅದನ್ನ ನೀನು ಉಳಿಸ್ಕೊಂಡೆ."

ನನ್ನ ಕೈಲಿದ್ದದ್ದು ಕೀ.

ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಅಪ್ಪಾ, ಕೆಲ್ಸ ಮಾಡ್ಬಾರ್ದ ಸಬ್ಬತ್ ದಿನ ಕುರಿ ಗುಂಡಿಗೆ ಬಿದ್ರೆ ಮೇಲೆತ್ತಲ್ವಾ ಅಂತ ಯೇಸುಸ್ವಾಮಿನೇ ಕೇಳಿದ್ರಲ್ಲ?"

"ಅದು ನಿಯಮ ನಿಯಮ ಅಂತಿದ್ದ ಫರಿಸಾಯರಿಗೆ ಹೇಳಿದ್ದಮ್ಮಾ," ಎಂದರು ಮಾವ. ತಮಾಷೆಗೆ ಹೇಳಿದ್ದಲ್ಲ.

ಅವರು ಹೋದ ಮೇಲೆ ಹೆಂಡತಿ, "ಹೇಳ್ತೀರಾ?" ಎಂದಳು. ಹೇಳದಿದ್ದರೆ ಮಾವನ ಮುಖಕ್ಕೆ ಮಸಿ. ಹೇಳಿದರೆ ಸತ್ತವರ ಹೆಸರಲ್ಲಿ ಬೆನ್ನು ತಟ್ಟಿಸಿಕೊಂಡಂತೆ. ಗೊತ್ತಿಲ್ಲ ಎಂದೆ.

ಶನಿವಾರ ಮೆಷಿನ್ ರೂಮಿಗೆ ಹೊಸ ಬೀಗ ಹಾಕಲು ಹೋದೆ. ವಾಚ್‌ಮನ್ ಸ್ಟೂಲಿನಿಂದ ಏಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಮೂರು ಸಲ ಫೋನ್ ಮಾಡ್ದೆ, ಅಣ್ಣಾ. ಇನ್ನೂ ಮಾಡ್ತಿದ್ದೆ. ಟೀಚರಮ್ಮನೇ ಒಳಗಿಂದ ಬೇಡ ಅಂದ್ರು."

"ಏನಂದ್ರು?"

"'ಇವತ್ತು ಭಾನುವಾರ, ಅವನು ಪ್ರಾರ್ಥನೇಲಿರ್ತಾನೆ. ಪಾಪ, ತೊಂದ್ರೆ ಕೊಡ್ಬೇಡ. ಮುಗಿಸ್ಕೊಂಡು ಬರ್ಲಿ, ನಾನು ಕಾಯ್ತೀನಿ' ಅಂದ್ರು."

ಮೇಲೆ ಹೋಗಿ ನಾಲ್ಕು ಸ್ಕ್ರೂ ಬಿಗಿದೆ. ಇಳಿದು ಬಂದು ಹೊಸ ಕೀಯನ್ನು ಮೊಳೆಗೆ ನೇತುಹಾಕಿದೆ.

ಭಾನುವಾರ ಮಾವ ನನ್ನನ್ನು ಮುಂದೆ ಕರೆದರು. ಹೋಗಿ ನಿಂತೆ.

"ಹೋದ ವಾರ ಫೋನ್ ಬಂತು. ನಾನು ಏಳ್ಲಿಲ್ಲ," ಎಂದೆ.

"ಆಮೆನ್!" ಎಂದಿತು ಸಭೆ.

"ಯಾರೋ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ಗೊತ್ತಿತ್ತು. ಕೀ ನನ್ನ ಜೇಬಲ್ಲೇ ಇತ್ತು."

ಹಿಂದಿನ ಬೆಂಚಿನಿಂದ ಅರ್ಧ ಆಮೆನ್ ಬಂದು ಅಲ್ಲೇ ನಿಂತಿತು.

ಟೀಚರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. "ನನ್ನ ಪ್ರಾರ್ಥನೆ ಕೆಡಬಾರ್ದು ಅಂತ ಅವರು ಕಾದ್ರು. ನಾನು ಪ್ರಾರ್ಥನೆ ಮಾಡ್ತಾನೇ ಇರ್ಲಿಲ್ಲ. ಎದ್ದು ಹೋದ್ರೆ ನೀವೆಲ್ಲ ಏನಂತೀರೋ ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ನಾನು ಹೆದರಿದ್ದು ದೇವ್ರಿಗಲ್ಲ, ನಿಮಗೆ."

ಈ ಸಲ ಯಾರೂ ಆಮೆನ್ ಅನ್ನಲಿಲ್ಲ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಅವಸರದಲ್ಲಿ ಹಾಡು ಶುರುಮಾಡಿದರು, ಉಳಿದವರು ಸೇರಿಕೊಂಡರು. ನಾನು ಬೆಂಚುಗಳ ನಡುವೆ ನಡೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಮಾವ ಬಂದರು. ಆರಾಧನೆ ಮುಗಿಯುವ ಮುಂಚೆ ಅವರು ಹೊರಗೆ ಬಂದದ್ದನ್ನು ನಾನು ಯಾವತ್ತೂ ನೋಡಿಲ್ಲ. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಪಕ್ಕದಲ್ಲಿ ಕೂತರು.

"ನೀನು ಬೆಂಚಿನ ತುದಿಗೆ ಸರಿದದ್ದು ನನಗೆ ಕಾಣಿಸ್ತಪ್ಪಾ," ಎಂದರು. "ಎದ್ದೇಬಿಡ್ತೀಯ ಅಂದ್ಕೊಂಡೆ."

ಅವರ ಕಡೆ ತಿರುಗಿದೆ.

"ಇವನು ಏಳದೆ ಇರ್ಲಿ, ನನ್ನ ಮರ್ಯಾದೆ ಉಳೀಲಿ ಅಂತ ಪ್ರಾರ್ಥನೆ ಮಾಡ್ದೆ. ಕಣ್ಣು ಮುಚ್ಚಿ, ಮನಸಾರೆ." ಸಭೆಯ ಬಾಗಿಲ ಕಡೆ ನೋಡಿದರು. "ದೇವ್ರು ನಡೆಸಿಕೊಟ್ಬಿಟ್ಟ."

ಮಾವ ಅತ್ತರು. ಅವರ ಬೆನ್ನ ಮೇಲೆ ಕೈಯಿಟ್ಟೆ. ನನಗೆ ಅಳು ಬರಲಿಲ್ಲ.