ಬುಡು ಅಂದ ತಾತ

ಹಳೆಯದನ್ನು ಎಸೆಯದೆ ಅದರೊಳಗೆ ಉಳಿದಿರುವ ಉಸಿರನ್ನು ಹುಡುಕುವವರು ಕೆಲವರಿರುತ್ತಾರೆ. ಹಂಗಳದ ಪವಿತ್ರ ಅಂಥವಳು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಸಂಜೆ ಮನೆಗೆ ಬಂದರೆ ಗುಂಡು ಹಾರಿಸುವ ಗೇಮ್ ಆಡುತ್ತಾಳೆ. ಟೀವಿಗೆ ಸಿಕ್ಕಿಸಿ ಆಡುವ ಅವಳ ಗೇಮ್ ಪೆಟ್ಟಿಗೆ ಬಲು ಹಳೆಯದು. ಈಗಿನ ಗೇಮುಗಳ ಭಾರ ತಡೆಯಲೆಂದು ಅದರ ಮುಚ್ಚಳ ಕೊರೆದು ದೊಡ್ಡ ಫ್ಯಾನ್ ಕೂರಿಸಿದ್ದಳು, ಡಿಸ್ಕ್ ಬದಲಿಸಿದ್ದಳು, ಒಳಗಿನ ಚಿಪ್ ಹೆಚ್ಚು ವೇಗವಾಗಿ ಓಡುವಂತೆ ತಿದ್ದಿದ್ದಳು.

ಆ ಭಾನುವಾರ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ತಾತ ಚಿಕ್ಕಮಲ್ಲಪ್ಪನವರ ಜೊತೆ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಚಾಮರಾಜನಗರಕ್ಕೆ ಹೋದಳು. ಅಲ್ಲಿ ಗೇಮ್ ಅಂಗಡಿ ಇಟ್ಟಿರುವ ಸೋಮಶೇಖರ್ ತನ್ನ ತಂಡ ಕಟ್ಟಿಕೊಂಡು ಮೈಸೂರಿನ ಪಂದ್ಯಕ್ಕೆ ಹೊರಟಿದ್ದ. ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಆಡುವವರು ತಮ್ಮ ಪೆಟ್ಟಿಗೆ ತಾವೇ ತರಬೇಕೆಂಬುದು ಪಂದ್ಯದ ನಿಯಮ.

ಸೋಮಶೇಖರ್ ಕೊರೆದ ಮುಚ್ಚಳ ನೋಡಿ ನಕ್ಕ. “ಏನ್ ಮೇಡಮ್, ಇದು ಗೇಮ್ ಪೆಟ್ಗೆನಾ, ರಾಗಿ ಜರಡಿನಾ?”

“ಆಡಿ ತೋರುಸ್ತೀನಿ, ಆಮೇಲೆ ನಗಿ.”

“ಸರಿ, ಸೇತುವೆ ಕಾಯೋ ಲೆವೆಲ್ ಆಡಿ. ಟೈಮ್ ಮುಗಿಯೋಗಂಟ ಸೇತುವೆ ಉಳುಸ್ಕಂಡ್ರೆ ಜಾಗ ನಿಮ್ದು. ಪೆಟ್ಗೆ ನಡುವ್ಲೇ ನಿಂತೋದ್ರೆ ಬೇಜಾರ್ ಮಾಡ್ಕಬ್ಯಾಡಿ.”

ತಾತ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, “ಮಾದಪ್ಪ, ನಡುಸ್ಕೊಡಪ್ಪಾ” ಎಂದು ಕುರ್ಚಿಯಲ್ಲಿ ಕೂತರು.

ಆಟ ಶುರುವಾಯಿತು. ಸೇತುವೆಯತ್ತ ಶತ್ರು ಸೈನಿಕರು ಹೊಗೆಯೊಳಗಿಂದ ನುಗ್ಗಿ ಬಂದರು. ಪವಿತ್ರ ಒತ್ತುಗುಂಡಿಯಿಂದ ಬೆರಳು ಎತ್ತದೆ ಗುಂಡು ಸುರಿದಳು. ಒಂದೊಂದು ಗುಂಡಿಗೂ ಕಿಡಿ, ಹೊಗೆ, ಸಿಡಿಯುವ ಕಲ್ಲು. ಎಲ್ಲವನ್ನೂ ಆ ಹಳೆಯ ಪೆಟ್ಟಿಗೆಯೇ ಚಿತ್ರಿಸಬೇಕು. ಫ್ಯಾನ್ ಕಿರುಗುಟ್ಟಿತು. ಚಿತ್ರ ತಡವರಿಸಿ ತಡವರಿಸಿ ಬರತೊಡಗಿತು. ಅಷ್ಟರಲ್ಲಿ ಮಸುಕಾಗಿ ಒಂದು ಜೀಪು ಸೇತುವೆಯ ಕಡೆ ಬಂತು.

ತಾತ ಕುರ್ಚಿ ಬಿಟ್ಟೆದ್ದರು. “ಬುಡಮ್ಮಿ! ಬುಡು!”

ಪವಿತ್ರ ಒತ್ತುಗುಂಡಿಯಿಂದ ಬೆರಳು ತೆಗೆದಳು.

ಬಂದೂಕು ಸುಮ್ಮನಾಯಿತು. ಚಿತ್ರಿಸಲು ಕಿಡಿಯಿಲ್ಲ, ಹೊಸ ಹೊಗೆಯಿಲ್ಲ. ದಣಿದವನು ಮೆಟ್ಟಿಲ ಮೇಲೆ ಕೂತು ಉಸಿರೆಳೆದುಕೊಂಡ ಹಾಗೆ ಪೆಟ್ಟಿಗೆ ಸುಧಾರಿಸಿಕೊಂಡಿತು. ಚಿತ್ರ ನೀರಿನಂತೆ ಹರಿಯಿತು. ಜೀಪಿನ ಹಿಂದಿದ್ದ ಪೆಟ್ರೋಲ್ ಡ್ರಮ್ ನಿಚ್ಚಳವಾಗಿ ಕಂಡಿತು. ಕಂಡ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ. ಒಂದೇ ಗುಂಡು. ಜೀಪು ಆಚೆ ದಡದಲ್ಲೇ ಹೊತ್ತಿಕೊಂಡಿತು.

ಆಮೇಲೆ ಅವಳು ಹಾಗೇ ಆಡಿದಳು: ಹೊಡೆದು ನಿಂತು, ಉಸಿರು ಬಿಟ್ಟು, ಮತ್ತೆ ಹೊಡೆದು. ಟೈಮ್ ಮುಗಿದಾಗ ಸೇತುವೆ ಇತ್ತು.

“ಉಘೇ ಮಾದಪ್ಪಾ!” ಎಂದರು ತಾತ. “ಅದ್ಸರಿ, ಆಗ ಯಾಕಮ್ಮಿ ಗುಂಡು ನಿಲ್ಸ್‌ಬುಟ್ಟೆ?”

“ನೀನೇ ಬುಡು ಅಂದ್ಯಲ್ಲ ತಾತ! ಸಾಕು, ಆಟ ಬುಡು ಅಂದೆ ಅನ್ಕಂಡೆ.”

“ಅಯ್ಯೋ ಶಿವನೇ! ಜೀಪಿಗೆ ಗುಂಡು ಬುಡು ಅಂದೆ ಕಣಮ್ಮಿ!”

ತಂಡದ ಹುಡುಗರೂ ಸೇರಿ ಅಂಗಡಿಯೇ ನಕ್ಕಿತು. “ತಾತ, ಮೈಸೂರ್ಗೂ ಬನ್ನಿ,” ಎಂದ ಸೋಮಶೇಖರ್. “ನೀವು ಕೂಗಿ, ಮೇಡಮ್‌ಗೆ ತಪ್ಪಾಗೇ ಕೇಳುಸ್ಲಿ.” ಪೆಟ್ಟಿಗೆಯ ಮೇಲೆ ಕೈಯಿಟ್ಟವನು ಬಿಸಿಗೆ ಸರಕ್ಕನೆ ಹಿಂತೆಗೆದ. “ಇನ್ನೊಂದ್ ಆಟ ಆಡನ ಮೇಡಮ್, ನಮ್ಮವ್ರ ಜೊತೆ.”

“ಆರ್ಲಿ, ತಡೀರಿ.”

ಯಾರೂ ಅವಸರ ಮಾಡಲಿಲ್ಲ. ಎಲ್ಲರೂ ಆ ಜರಡಿ ಮುಚ್ಚಳದ ಸುತ್ತ ಕೂತು, ಫ್ಯಾನಿನ ಸದ್ದು ಇಳಿಯುವುದನ್ನು ಕೇಳಿಸಿಕೊಂಡರು. ಸೋಮಶೇಖರ್ ತಂಡದ ಸಾಲಿನಲ್ಲಿ ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ಹೆಲ್ಮೆಟ್ ತೆಗೆದು ಕೆಳಗಿಟ್ಟು, ಪವಿತ್ರಳಿಗೆ ಜಾಗ ಮಾಡಿದ.